ವರ್ಚುವಲ್ ಮಷೀನ್‌ನಲ್ಲಿ ಲಿನಕ್ಸ್ ಶುರುವಾಗುವಾಗ ಪರದೆ ಕಲಸಿಹೋದರೆ ಲ್ಯಾಪ್‌ಟಾಪ್ ಸ್ಕ್ರೀನ್ ಹಾಳಾಯಿತೇ?

ಮನೆಯಲ್ಲಿ ಬಿಸಿಎ ಅಥವಾ ಇಂಜಿನಿಯರಿಂಗ್ ಓದುವ ಮಕ್ಕಳಿದ್ದರೆ ಈ ಗಾಬರಿ ನಿಮಗೂ ಪರಿಚಯವಿರಬಹುದು. ಲ್ಯಾಬ್ ಕೆಲಸಕ್ಕೆ ಲಿನಕ್ಸ್ ಬೇಕು, ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್. ಹಾಗಾಗಿ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದರೊಳಗೆ ಉಬುಂಟು ಇನ್‌ಸ್ಟಾಲ್ ಮಾಡುತ್ತಾರೆ. ಸ್ಟಾರ್ಟ್ ಒತ್ತಿದ ಮೇಲೆ ಕೆಲವು ಸೆಕೆಂಡು ಕಪ್ಪು ಪರದೆ. ಆಮೇಲೆ ಬಣ್ಣದ ಗೆರೆಗಳು, ಓರೆಯಾಗಿ ಹರಿದಂತೆ ಕಾಣುವ ಚಿತ್ರ, ನಡುವೆ ಬಿಳಿ ಅಕ್ಷರಗಳಲ್ಲಿ 'ಎರರ್' ಎಂಬ ಸಾಲು. ಮೊಬೈಲ್‌ನಲ್ಲಿ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಉತ್ತರಗಳು ತಡವಿಲ್ಲದೆ ಬರುತ್ತವೆ: 'ಡಿಸ್‌ಪ್ಲೇ ಹೋಯ್ತು', 'ಗ್ರಾಫಿಕ್ಸ್ ಕಾರ್ಡ್ ಸುಟ್ಟಿದೆ', 'ವೈರಸ್ ಬಂದಿದೆ', 'ಲಿನಕ್ಸ್ ಹಾಕಿದರೆ ಲ್ಯಾಪ್‌ಟಾಪ್ ಹಾಳಾಗುತ್ತೆ ಅಂತ ಮೊದಲೇ ಹೇಳಿದ್ದೆ'.

ಇವುಗಳಲ್ಲಿ ಒಂದನ್ನೇ ನಂಬಿ ರಿಪೇರಿ ಅಂಗಡಿಗೆ ಹೋದರೂ ಹೊಸ ಪ್ಯಾನೆಲ್‌ಗೋ, ವಿಂಡೋಸ್ ಅಳಿಸಿ ಮತ್ತೆ ಹಾಕುವುದಕ್ಕೋ ದುಡ್ಡು ಕೊಟ್ಟು ಬರಬೇಕಾಗಬಹುದು. ಎರಡನೆಯದರಲ್ಲಿ ದುಡ್ಡಿನ ಜೊತೆ ಪ್ರಾಜೆಕ್ಟ್ ಫೈಲುಗಳೂ ಹೋಗುತ್ತವೆ. ಹಾಗಾದರೆ ನಿಜವಾಗಿ ಹಾಳಾಗಿರುವುದು ಏನು? ಹೆಚ್ಚಿನ ಸಂದರ್ಭಗಳಲ್ಲಿ, ಕೈಯಲ್ಲಿ ಮುಟ್ಟಬಹುದಾದ ಯಾವ ವಸ್ತುವೂ ಅಲ್ಲ.

ಎರಡು ನಿಮಿಷದ ಪರೀಕ್ಷೆ

ವರ್ಚುವಲ್ ಮಷೀನ್ ಫುಲ್‌ಸ್ಕ್ರೀನ್‌ನಲ್ಲಿದ್ದರೆ ಅದನ್ನು ಸಾಮಾನ್ಯ ಕಿಟಕಿಯ ಗಾತ್ರಕ್ಕೆ ತನ್ನಿ. ವರ್ಚುವಲ್‌ಬಾಕ್ಸ್‌ನಲ್ಲಿ ಬಲಗಡೆಯ ಕಂಟ್ರೋಲ್ ಕೀ ಜೊತೆ ಎಫ್ ಒತ್ತಿದರೆ ಸಾಕು. ಈಗ ಮೌಸ್‌ನಿಂದ ಆ ಕಿಟಕಿಯನ್ನು ಹಿಡಿದು ಪರದೆಯ ಆಚೀಚೆ ಎಳೆಯಿರಿ. ಗೆರೆಗಳೂ ಕಿಟಕಿಯ ಜೊತೆಗೇ ಸರಿದರೆ ದೋಷ ಇರುವುದು ಕಿಟಕಿಯೊಳಗಿನ ಲಿನಕ್ಸ್‌ನಲ್ಲಿ, ಅಥವಾ ಅದನ್ನು ನಡೆಸುತ್ತಿರುವ ತಂತ್ರಾಂಶದಲ್ಲಿ. ಕಿಟಕಿ ಸರಿದರೂ ಗೆರೆ ಇದ್ದಲ್ಲೇ ನಿಂತರೆ ಆಗ ಪ್ಯಾನೆಲ್ ಅಥವಾ ಅದರ ಕೇಬಲ್ ಮೇಲೆ ಅನುಮಾನ ಪಡಬಹುದು.

ಇನ್ನೊಂದು ದಾರಿ, ವಿಂಡೋಸ್‌ನಿಂದಲೇ ಸ್ಕ್ರೀನ್‌ಶಾಟ್ ತೆಗೆದು ಅದನ್ನು ನಿಮ್ಮ ಫೋನಿಗೆ ಕಳಿಸಿ ನೋಡುವುದು. ಸ್ಕ್ರೀನ್‌ಶಾಟ್ ಎಂದರೆ ಕಂಪ್ಯೂಟರಿನ ನೆನಪಿನಲ್ಲಿರುವ ಚಿತ್ರದ ಪ್ರತಿ, ಗಾಜಿನ ಫೋಟೊ ಅಲ್ಲ. ಫೋನಿನಲ್ಲೂ ಅದೇ ಗೆರೆಗಳು ಕಂಡರೆ ಅವು ಪ್ಯಾನೆಲ್‌ನಿಂದ ಬಂದವಲ್ಲ ಎಂಬುದು ಖಚಿತ. ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊ ಈ ವ್ಯತ್ಯಾಸವನ್ನೇ ಮುಚ್ಚಿಹಾಕುತ್ತದೆ. ಜೊತೆಗೆ, ಪರದೆಯ ಚುಕ್ಕಿಗಳೂ ಕ್ಯಾಮೆರಾದ ಚುಕ್ಕಿಗಳೂ ಒಂದರ ಮೇಲೊಂದು ಬಿದ್ದು ಇಲ್ಲದ ಅಲೆಗಳನ್ನೂ ಸೃಷ್ಟಿಸುತ್ತವೆ.

ವರ್ಚುವಲ್ ಮಷೀನ್‌ನ ಕಿಟಕಿಯಾಚೆಗೂ, ಅಂದರೆ ವಿಂಡೋಸ್‌ನ ಬ್ರೌಸರ್, ಟಾಸ್ಕ್‌ಬಾರ್ ಎಲ್ಲದರ ಮೇಲೂ ಗೆರೆ ಬಂದರೆ ಕಥೆ ಬೇರೆ. ಆಗ ನಿಮ್ಮ ನಿಜವಾದ ಗ್ರಾಫಿಕ್ಸ್ ಚಿಪ್ ಅಥವಾ ವಿಂಡೋಸ್‌ನಲ್ಲಿರುವ ಅದರ ಡ್ರೈವರ್ ಅನ್ನು ಪರೀಕ್ಷಿಸಬೇಕು.

ಇಲ್ಲದ ಕಾರ್ಡಿನ ಲೆಕ್ಕ

ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್. ಒಳಗಿರುವ ಲಿನಕ್ಸ್‌ಗೆ ನಿಮ್ಮ ಇಂಟೆಲ್, ಎಎಂಡಿ ಅಥವಾ ಎನ್‌ವಿಡಿಯಾ ಚಿಪ್ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ವರ್ಚುವಲ್‌ಬಾಕ್ಸ್ ನಟಿಸಿ ತೋರಿಸುವ ಒಂದು ಸಾಫ್ಟ್‌ವೇರ್ ಕಾರ್ಡ್. ಲಿನಕ್ಸ್ ಆ ಕಾರ್ಡಿನ ಮೇಲೆ ಚಿತ್ರ ಬರೆಯುತ್ತದೆ, ವರ್ಚುವಲ್‌ಬಾಕ್ಸ್ ಅದನ್ನು ಓದಿ ನಿಮ್ಮ ಕಿಟಕಿಯಲ್ಲಿ ಬಿಡಿಸುತ್ತದೆ.

ಈ ನಟನೆಯಲ್ಲೂ ಬಗೆಗಳಿವೆ. 2018ರ ಡಿಸೆಂಬರ್‌ನಲ್ಲಿ ಬಂದ ವರ್ಚುವಲ್‌ಬಾಕ್ಸ್ 6.0 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಮಾಡುವ ಲಿನಕ್ಸ್ ಮಷೀನ್‌ಗಳಿಗೆ ತಾನಾಗಿಯೇ ಸಿಗುವ ಕಾರ್ಡ್ 'ವಿಎಂಎಸ್‌ವಿಜಿಎ'. ಇದರ ಮೂಲ ವಿನ್ಯಾಸ ವರ್ಚುವಲ್‌ಬಾಕ್ಸ್‌ನದ್ದಲ್ಲ, ವಿಎಂವೇರ್ ಎಂಬ ಇನ್ನೊಂದು ಕಂಪನಿಯದು. ವರ್ಚುವಲ್‌ಬಾಕ್ಸ್ ಮಾಡುವುದು ಅದರ ಅನುಕರಣೆ. ಲಿನಕ್ಸ್‌ನೊಳಗಿನ ಡ್ರೈವರ್ ಕೂಡ ವಿಎಂವೇರ್‌ಗಾಗಿ ಬರೆದದ್ದೇ. ಅಂದರೆ ಒಬ್ಬರ ಕಾರ್ಡನ್ನು ಇನ್ನೊಬ್ಬರು ನಕಲು ಮಾಡಿದ್ದಾರೆ, ಮೂಲ ಕಾರ್ಡಿಗಾಗಿ ಬರೆದ ಡ್ರೈವರ್ ಆ ನಕಲನ್ನು ನಡೆಸುತ್ತಿದೆ. ಬಹುತೇಕ ಸಲ ಇದು ಚೆನ್ನಾಗಿಯೇ ನಡೆಯುತ್ತದೆ ಎನ್ನುವುದೇ ನನಗೆ ಆಶ್ಚರ್ಯ.

ಆರಂಭದಲ್ಲೇ ಏಕೆ?

ಕಂಪ್ಯೂಟರ್ ಶುರುವಾಗುವ ಆ ಅರ್ಧ ನಿಮಿಷದಲ್ಲಿ ಪರದೆಯ ಯಜಮಾನಿಕೆ ಐದಾರು ಕೈ ಬದಲಾಯಿಸುತ್ತದೆ. ಮೊದಲು ಬಯಾಸ್ ಅಥವಾ ಯುಇಎಫ್‌ಐ. ನಂತರ ಗ್ರಬ್ ಎಂಬ ಬೂಟ್ ಮೆನು. ಅದು ಲಿನಕ್ಸ್ ಕರ್ನಲ್‌ಗೆ ಒಪ್ಪಿಸುತ್ತದೆ. ಕರ್ನಲ್ ಮೊದಲು ಒಂದು ಸರಳ ಚಿತ್ರಪಟ ಇಟ್ಟುಕೊಂಡು, ಸ್ವಲ್ಪ ಹೊತ್ತಿನ ಬಳಿಕ ಅಸಲಿ ಡ್ರೈವರ್ ಎಬ್ಬಿಸಿ ರೆಸಲ್ಯೂಷನ್ ಬದಲಿಸುತ್ತದೆ. ಆಮೇಲೆ ಲೋಗೊ ತಿರುಗಿಸುವ ಸ್ಪ್ಲ್ಯಾಷ್ ಪರದೆ, ಕೊನೆಗೆ ಲಾಗಿನ್ ಪರದೆ. ಪ್ರತಿ ಬಾರಿ ಕೈ ಬದಲಾದಾಗಲೂ ಪರದೆಯ ಅಗಲ, ಎತ್ತರ, ಬಣ್ಣದ ಲೆಕ್ಕ ಬದಲಾಗಬಹುದು. ವಿಡಿಯೊ ಮೆಮೊರಿಯಲ್ಲಿ ಹಿಂದಿನವರು ಬರೆದಿಟ್ಟದ್ದನ್ನು ಹೊಸಬರು ಅಳಿಸುವ ಮೊದಲೇ ತೋರಿಸಿಬಿಟ್ಟರೆ ಒಂದು ಕ್ಷಣ ಕಸದಂಥ ಚಿತ್ರ ಮಿಂಚಿ ಮರೆಯಾಗುತ್ತದೆ. ಕೆಲವೊಮ್ಮೆ ರೀಸ್ಟಾರ್ಟ್‌ಗೆ ಮುಂಚಿನ ಪರದೆಯ ತುಣುಕೇ ಇಣುಕಬಹುದು. ಲಾಗಿನ್ ಪರದೆ ಸರಿಯಾಗಿ ಬಂದರೆ ಇಂಥ ಮಿಂಚಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಓರೆಯಾಗಿ ಹರಿದ ಚಿತ್ರಕ್ಕೆ ಕಾರಣ ಬೇರೆ. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಸಾಲಿಗೆ 15 ಚುಕ್ಕಿ ಎಂದು ಒಬ್ಬರು ಎಣಿಸಿ ಇಟ್ಟಿದ್ದಾರೆ, ಇನ್ನೊಬ್ಬರು ಸಾಲಿಗೆ 16 ಎಂದುಕೊಂಡು ಅದೇ ಚುಕ್ಕಿಗಳನ್ನು ಓದುತ್ತಾ ಹೋದರೆ? ಮೊದಲ ಸಾಲಿನಲ್ಲಿ ಒಂದು ಚುಕ್ಕಿ ತಪ್ಪುತ್ತದೆ, ಎರಡನೆಯದರಲ್ಲಿ ಎರಡು, ಹತ್ತನೆಯ ಸಾಲಿಗೆ ಹತ್ತು. ಚುಕ್ಕಿ ಒಂದೂ ಕಳೆದಿಲ್ಲ, ಆದರೆ ರಂಗೋಲಿ ಓರೆಯಾಗಿ ಚೂರಾಗಿದೆ. ಪರದೆಯಲ್ಲೂ ಹೀಗೆಯೇ. ಬಹಳಷ್ಟು ಲ್ಯಾಪ್‌ಟಾಪ್‌ಗಳ 1366×768 ಎಂಬ ಅಳತೆಯನ್ನೇ ತೆಗೆದುಕೊಳ್ಳಿ. 1366 ಎಂಟರಿಂದ ಭಾಗವಾಗುವುದಿಲ್ಲ, ಎಂಟರ ಲೆಕ್ಕದಲ್ಲೇ ಕೆಲಸ ಮಾಡುವ ತಂತ್ರಾಂಶ ಅದನ್ನು 1368 ಎಂದು ಹಿಡಿಯುತ್ತದೆ. ಬರೆಯುವವರು ಒಂದನ್ನೂ ಓದುವವರು ಇನ್ನೊಂದನ್ನೂ ಹಿಡಿದರೆ ಸಾಲಿಗೆ 2 ಚುಕ್ಕಿಯಂತೆ 768 ಸಾಲಿಗೆ 1536 ಚುಕ್ಕಿ ತಪ್ಪುತ್ತದೆ. ಒಂದಿಡೀ ಸಾಲಿಗಿಂತ ಹೆಚ್ಚು! ಕಿಟಕಿಯ ಗಾತ್ರವನ್ನು ಸ್ವಲ್ಪ ಎಳೆದು ಬದಲಿಸಿದೊಡನೆ ಚಿತ್ರ ಸರಿಹೋದರೆ ಇದೇ ಕಾರಣ ಇರಬಹುದು.

ವಿಡಿಯೊ ಮೆಮೊರಿಯೂ ಸಾಲದೆ ಹೋಗಬಹುದು. ಒಂದು ಚುಕ್ಕಿಗೆ 4 ಬೈಟ್‌ನಂತೆ 1920×1080 ಪರದೆಗೆ ಸುಮಾರು 8 ಎಂಬಿ ಬೇಕು. 4ಕೆ ಪರದೆಗೆ ಅದರ ನಾಲ್ಕರಷ್ಟು, ಅಂದರೆ ಸುಮಾರು 32 ಎಂಬಿ. ಹೊಸ ಲಿನಕ್ಸ್ ಮಷೀನ್‌ಗೆ 16 ಎಂಬಿ ಮಾತ್ರ ಕೊಟ್ಟಿದ್ದು, ಫುಲ್‌ಸ್ಕ್ರೀನ್ ಮಾಡಿದ್ದು 4ಕೆ ಮಾನಿಟರ್‌ನಲ್ಲಾದರೆ ಚಿತ್ರಕ್ಕೆ ಜಾಗವೇ ಇರುವುದಿಲ್ಲ.

'ಎರರ್' ಎಂದರೆಲ್ಲ ಎರರ್ ಅಲ್ಲ

ಗಾಬರಿ ಹುಟ್ಟಿಸುವುದರಲ್ಲಿ ಗೆರೆಗಳಿಗಿಂತ ಅಕ್ಷರಗಳದ್ದೇ ದೊಡ್ಡ ಪಾಲು. 'ಹೋಸ್ಟ್‌ಗೆ ಲಾಗ್ ಸಂದೇಶ ಕಳಿಸಲು ವಿಫಲ' ಎಂಬ ಅರ್ಥದ ಇಂಗ್ಲಿಷ್ ಸಾಲು ವರ್ಚುವಲ್‌ಬಾಕ್ಸ್‌ನಲ್ಲಿ ಬಹಳ ಸಾಮಾನ್ಯ. ಡ್ರೈವರ್ ತಾನು ಎದ್ದೆನೆಂದು ವಿಎಂವೇರ್‌ನ ದಿನಚರಿಯಲ್ಲಿ ಒಂದು ಸಾಲು ಬರೆಯಲು ಹೊರಡುತ್ತದೆ. ಅಲ್ಲಿ ವಿಎಂವೇರ್ ಇಲ್ಲ, ಬರೆಯಲಾಗಲಿಲ್ಲ ಎಂದು ದೂರುತ್ತದೆ. ಅಷ್ಟೇ. 'ಎಸ್‌ಎಂಬಸ್ ಹೋಸ್ಟ್ ಕಂಟ್ರೋಲರ್ ಚಾಲೂ ಇಲ್ಲ' ಎಂಬ ಸಾಲೂ ಹಾನಿಯಿಲ್ಲದ್ದು. ಪರದೆಗೂ ಅದಕ್ಕೂ ಸಂಬಂಧವೇ ಇಲ್ಲ.

ಹೊಸ ಕರ್ನಲ್‌ಗಳಲ್ಲಿ ಇನ್ನಷ್ಟು ಖಾರವಾದ ಎಚ್ಚರಿಕೆ ಬರುತ್ತದೆ: ನಾನು ಬೆಂಬಲವಿಲ್ಲದ ವ್ಯವಸ್ಥೆಯ ಮೇಲೆ ಓಡುತ್ತಿದ್ದೇನೆ, ಈ ಹೊಂದಾಣಿಕೆ ಕೆಟ್ಟಿರುವ ಸಾಧ್ಯತೆ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಆರಿಸಿಕೊಳ್ಳಿ ಎಂಬ ತಾತ್ಪರ್ಯ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇದು ಬಂದರೂ ಎಷ್ಟೋ ಮಷೀನ್‌ಗಳು ಸರಾಗವಾಗಿ ನಡೆಯುತ್ತವೆ. ಆದರೆ ಇದರ ಜೊತೆಗೆ ಪರದೆಯೂ ಕಲಸಿದ್ದರೆ ಕೈಹಾಕಬೇಕಾದ ಜಾಗ ಯಾವುದೆಂದು ಈ ಸಾಲೇ ಹೇಳಿಕೊಡುತ್ತಿದೆ.

ಏನು ಮಾಡಬಹುದು?

ಮೊದಲು ಸ್ನ್ಯಾಪ್‌ಶಾಟ್ ತೆಗೆದಿಡಿ. ಏನೇ ಎಡವಟ್ಟಾದರೂ ಹಿಂದಿನ ಸ್ಥಿತಿಗೆ ಮರಳಬಹುದು. ನಂತರ ಮಷೀನ್ ಪೂರ್ತಿ ಆಫ್ ಮಾಡಿ, ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗಕ್ಕೆ ಹೋಗಿ '3ಡಿ ಆಕ್ಸಿಲರೇಷನ್' ಗುರುತು ತೆಗೆಯಿರಿ. ಈ ಸೌಲಭ್ಯ ಒಳಗಿನ ಲಿನಕ್ಸ್‌ನ ಚಿತ್ರಕೆಲಸವನ್ನು ನಿಮ್ಮ ನಿಜವಾದ ಚಿಪ್‌ಗೆ ದಾಟಿಸುತ್ತದೆ, ಹಾಗಾಗಿ ವಿಂಡೋಸ್‌ನ ಡ್ರೈವರ್ ದೋಷವೂ ಒಳಗೆ ನುಸುಳುತ್ತದೆ. ಲ್ಯಾಬ್‌ನ ಸಿ ಪ್ರೋಗ್ರಾಂ ಓಡಿಸಲು 3ಡಿ ಬೇಕಿಲ್ಲ. ಅಲ್ಲೇ ವಿಡಿಯೊ ಮೆಮೊರಿಯನ್ನು 128 ಎಂಬಿಗೆ ಏರಿಸಿ. ಗ್ರಾಫಿಕ್ಸ್ ಕಂಟ್ರೋಲರ್ ವಿಎಂಎಸ್‌ವಿಜಿಎ ಇದೆಯೇ ನೋಡಿ. ಬೇರೇನಾದರೂ ಇದ್ದರೆ ಅದಕ್ಕೆ ಬದಲಿಸಿ, ಅದೇ ಇದ್ದೂ ತೊಂದರೆಯಾದರೆ ಪ್ರಯೋಗಕ್ಕೆ 'ವಿಬಾಕ್ಸ್‌ಎಸ್‌ವಿಜಿಎ' ಹಾಕಿ ನೋಡಿ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಲಾಗಿನ್‌ವರೆಗೂ ಹೋಗಲು ಬಿಡದಿದ್ದರೆ ಗ್ರಬ್ ಮೆನುವಿನ ಮೊರೆ ಹೋಗಬೇಕು. ಮಷೀನ್ ಶುರುವಾಗುವಾಗ ಶಿಫ್ಟ್ ಒತ್ತಿಹಿಡಿಯಿರಿ, ಯುಇಎಫ್‌ಐ ಆಗಿದ್ದರೆ ಎಸ್ಕೇಪ್ ಒತ್ತಿ. ಮೆನು ಬಂದಾಗ ಇ ಕೀ ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು 'ನೋಮೋಡ್‌ಸೆಟ್' ಎಂಬ ಪದವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದು ಎಫ್10 ಒತ್ತಿ. ಅಸಲಿ ಡ್ರೈವರ್ ಎಬ್ಬಿಸಬೇಡ, ಸರಳ ಚಿತ್ರಪಟದಲ್ಲೇ ಇರು ಎಂದು ಕರ್ನಲ್‌ಗೆ ಹೇಳಿದಂತೆ. ಇದು ಆ ಒಂದು ಬಾರಿಗೆ ಮಾತ್ರ. ಇದರಿಂದ ಲಾಗಿನ್ ಸಿಕ್ಕರೆ ತಪ್ಪು ಡ್ರೈವರ್ ಹಂತದಲ್ಲಿದೆ ಎಂದಾಯಿತು. ಇದನ್ನು ಶಾಶ್ವತ ಮಾಡಿಕೊಳ್ಳಿ ಎನ್ನುವ ಸಲಹೆಗಳು ನನಗೆ ಒಪ್ಪಿಗೆಯಿಲ್ಲ. ಊರುಗೋಲು ಸಿಕ್ಕಿತೆಂದು ಕಾಲು ನೋಡಿಸುವುದನ್ನು ಬಿಡುವುದೇ?

ನಿನ್ನೆ ಸರಿಯಿದ್ದದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟಿದ್ದರೆ ಅದೇ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ. ವರ್ಚುವಲ್‌ಬಾಕ್ಸ್‌ನ 'ಗೆಸ್ಟ್ ಅಡಿಷನ್ಸ್' ಎಂಬ ಪೂರಕ ತಂತ್ರಾಂಶ ಹಾಕಿದ್ದರೆ ಕರ್ನಲ್ ಬದಲಾದಾಗ ಅದರ ಭಾಗಗಳನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಉಬುಂಟು 22.04 ಮತ್ತು 24.04ರಲ್ಲಿ ಪಾಸ್‌ವರ್ಡ್ ಕೇಳುವ ಪರದೆಯ ಮೂಲೆಯ ಚಕ್ರದ ಗುರುತು ಒತ್ತಿ 'ಕ್ಸಾರ್ಗ್' ಆಯ್ಕೆ ಮಾಡಿಕೊಳ್ಳಲೂಬಹುದು. ಲಾಗಿನ್ ಆದಮೇಲೆ ಮಾತ್ರ ಕಪ್ಪಾಗುವ ಪರದೆಗೆ ಇದು ಉಪಯೋಗಕ್ಕೆ ಬರುತ್ತದೆ.

ಈ ನಂಬಿಕೆ ಎಲ್ಲಿಂದ ಬಂತು?

'ಲಿನಕ್ಸ್ ಮಾನಿಟರ್ ಸುಡುತ್ತದೆ' ಎಂಬ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. 1990ರ ದಶಕದಲ್ಲಿ ಲಿನಕ್ಸ್‌ನ ಚಿತ್ರವ್ಯವಸ್ಥೆ ಎಕ್ಸ್‌ಫ್ರೀ86. ಅದರಲ್ಲಿ ಮಾನಿಟರಿನ ಆವರ್ತನಗಳನ್ನು ಬಳಕೆದಾರರೇ ಕೈಯಾರೆ ಬರೆಯಬೇಕಿತ್ತು. ಆಗಿನ ದಪ್ಪ ಗಾಜಿನ ಸಿಆರ್‌ಟಿ ಮಾನಿಟರುಗಳಲ್ಲಿ ಕೆಲವಕ್ಕೆ ಮಿತಿ ಮೀರಿದ ಆವರ್ತನ ಕೊಟ್ಟರೆ ನಿಜಕ್ಕೂ ಹಾನಿಯಾಗುವ ಅಪಾಯವಿತ್ತು, ಕೈಪಿಡಿಗಳೂ ಎಚ್ಚರಿಸುತ್ತಿದ್ದವು. ನಂತರದ ಮಾನಿಟರುಗಳು ಒಗ್ಗದ ಸಿಗ್ನಲ್ ಬಂದರೆ ಚಿತ್ರ ತೋರಿಸದೆ ಸುಮ್ಮನಾಗುತ್ತವೆ. ವರ್ಚುವಲ್ ಮಷೀನ್‌ನ ಲಿನಕ್ಸ್‌ಗಂತೂ ನಿಮ್ಮ ಪ್ಯಾನೆಲ್ ಕೈಗೆಟಕುವುದೇ ಇಲ್ಲ. ನಿಜವಾದ ಗ್ರಾಫಿಕ್ಸ್ ಕಾರ್ಡನ್ನೇ ಬೇಕೆಂದು ಒಳಗೆ ದಾಟಿಸಿ ಕೊಡುವ 'ಪಾಸ್‌ಥ್ರೂ' ವಿಧಾನ ಇದಕ್ಕೆ ಅಪವಾದ, ಆದರೆ ಅದು ಅರಿವಿಲ್ಲದೆ ಆಗಿಬಿಡುವಂಥದ್ದಲ್ಲ.

ವೈರಸ್ ಮಾತಿಗೆ ಬಂದರೆ, ವರ್ಚುವಲ್ ಮಷೀನ್‌ನ ಗೋಡೆ ಎಂದೂ ಒಡೆಯುವುದಿಲ್ಲ ಎಂದರೆ ಸುಳ್ಳಾಗುತ್ತದೆ. 2009ರಲ್ಲಿ ಕೊಸ್ತ್ಯಾ ಕೊರ್ಟ್ಚಿನ್ಸ್ಕಿ ಎಂಬ ಭದ್ರತಾ ಸಂಶೋಧಕ ವಿಎಂವೇರ್‌ನ ಸಾಫ್ಟ್‌ವೇರ್ ಗ್ರಾಫಿಕ್ಸ್ ಕಾರ್ಡಿನಲ್ಲಿದ್ದ ದೋಷ ಬಳಸಿ, ಒಳಗಿನಿಂದ ಹೊರಗಿನ ಕಂಪ್ಯೂಟರಿಗೆ ದಾಟಬಹುದೆಂದು ತೋರಿಸಿದರು. ಆ ದೋಷವನ್ನು ಅದೇ ವರ್ಷ ಸರಿಪಡಿಸಲಾಯಿತು. ನಂಬಿಕೆಗೆ ಅರ್ಹವಲ್ಲದ ಮಷೀನ್‌ಗಳಿಗೆ 3ಡಿ ಸೌಲಭ್ಯ ಕೊಡಬೇಡಿ ಎಂದು ವರ್ಚುವಲ್‌ಬಾಕ್ಸ್‌ನ ಕೈಪಿಡಿಯೂ ಹೇಳುತ್ತದೆ. ಆದರೆ ಅಂಥ ದಾಳಿ ಬಣ್ಣದ ಗೆರೆ ಎಳೆದು ಸುದ್ದಿ ಕೊಟ್ಟು ಬರುವುದಿಲ್ಲ, ಕಲಸಿದ ಪರದೆ ಅದರ ಲಕ್ಷಣವೂ ಅಲ್ಲ. ಗೊತ್ತಿಲ್ಲದ ಕೊಂಡಿಯಿಂದ ಯಾರೋ ಕೊಟ್ಟ 'ರೆಡಿಮೇಡ್ ಉಬುಂಟು' ಫೈಲ್ ಇಳಿಸಿಕೊಳ್ಳುವುದು ಇದಕ್ಕಿಂತ ದೊಡ್ಡ ಅಪಾಯ.

ಇಷ್ಟೆಲ್ಲ ಮಾಡಿಯೂ ಸರಿಹೋಗದೆ ಗ್ರೂಪಿನಲ್ಲಿ ಸಹಾಯ ಕೇಳುವುದಾದರೆ ಕ್ಯಾಮೆರಾ ಫೋಟೊ ಬದಲು ಸ್ಕ್ರೀನ್‌ಶಾಟ್ ಹಾಕಿ. ವರ್ಚುವಲ್‌ಬಾಕ್ಸ್ ಆವೃತ್ತಿ, ಲಿನಕ್ಸ್‌ನ ಹೆಸರು ಮತ್ತು ಆವೃತ್ತಿ, ಗ್ರಾಫಿಕ್ಸ್ ಕಂಟ್ರೋಲರ್ ಯಾವುದು, ಗೆರೆ ಬಂದದ್ದು ಲೋಗೊಗೆ ಮುಂಚೆಯೋ ಲಾಗಿನ್ ನಂತರವೋ ಎಂದು ಬರೆಯಿರಿ. ಕಿಟಕಿಯ ಕೆಳಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರವಿದ್ದರೆ ಅದನ್ನೂ ತಿಳಿಸಿ. ವಿಂಡೋಸ್‌ನ ಹೈಪರ್-ವಿ ಚಾಲೂ ಇರುವುದರಿಂದ ವರ್ಚುವಲ್‌ಬಾಕ್ಸ್ ಅದರ ಮೂಲಕ ನಿಧಾನವಾಗಿ ಓಡುತ್ತಿದೆ ಎಂಬುದರ ಗುರುತು ಅದು.