ಸೌಂಡ್‌ಬಾರ್ ಇಎಂಐ ಬೇಡ, ಅಟ್ಟ ಹತ್ತಿ ನೋಡಿ (ಭಾಗ 4)

ಫ್ರೆಂಡ್ಸ್, ಟಿವಿ ಸೌಂಡ್ ಸರಿಯಿಲ್ಲ ಅಂತ ಇಎಂಐನಲ್ಲಿ ಸೌಂಡ್‌ಬಾರ್ ತಗೊಳ್ಳೋಕೆ ಮುಂಚೆ ಒಂದ್ಸಲ ನಿಮ್ಮನೆ ಅಟ್ಟ ಹತ್ತಿ ನೋಡಿ.

ನಮ್ಮಪ್ಪ ದೊಡ್ಡಬಳ್ಳಾಪುರದಲ್ಲಿ ಮಗ್ಗ ಓಡಿಸ್ತಾರೆ. ದಿನವಿಡೀ ಪವರ್‌ಲೂಮ್ ಸದ್ದು ಕೇಳಿದ ಕಿವಿಗೆ ಟಿವಿ ಡೈಲಾಗ್ ಬಿಡಿಸಿ ಕೇಳಿಸಲ್ಲ. ತೆಳು ಟಿವಿಗಳ ಸ್ಪೀಕರ್ ಪುಟ್ಟದು, ಹೆಚ್ಚಾಗಿ ಕೆಳಗೋ ಹಿಂದಕ್ಕೋ ಮುಖ ಮಾಡಿರುತ್ತೆ. ವಾಲ್ಯೂಮ್ ಏರಿಸಿದ್ರೆ ಗಲಾಟೆ ಜಾಸ್ತಿಯಾಗುತ್ತೆ ಅಷ್ಟೇ.

ನಾನು ಮಾಡಿದ್ದಿಷ್ಟು. ಹಳೇ ಪಿಸಿಯಿಂದ ಟಿವಿಗೆ ಎಚ್‌ಡಿಎಂಐ ಕೇಬಲ್. ಪಿಸಿಯ ಹಸಿರು ಆಡಿಯೋ ಜ್ಯಾಕ್‌ನಿಂದ ಹಳೇ ಆಂಪ್ಲಿಫೈಯರ್‌ಗೆ 3.5 ಎಂಎಂ–ಆರ್‌ಸಿಎ ಕೇಬಲ್. ಸೌಂಡ್ ಸೆಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಾಯಿಸೋದು ಮರೀಬೇಡಿ, ಇಲ್ಲಾಂದ್ರೆ ಸದ್ದು ಟಿವಿಗೇ ಹೋಗುತ್ತೆ. ಸ್ಪೀಕರ್‌ಗಳನ್ನ ಕೂತವರ ಕಿವಿ ಮಟ್ಟಕ್ಕೆ ಇಡಿ.

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಅದಕ್ಕೇ ಪಿಸಿನ ಗುಜರಿಗೆ ಹಾಕ್ಬೇಡಿ. ಲಿನಕ್ಸ್ ಮಿಂಟ್, ಕೋಡಿ ಎರಡೂ ಫ್ರೀ.

ನಮ್ಮ ಅಕೌಂಟ್ಸ್ ಲೆಕ್ಕದಲ್ಲಿ ಡಿಪ್ರಿಸಿಯೇಷನ್ ಕಳೆದ್ರೆ ಆ ಪಿಸಿ ಬೆಲೆ ಸೊನ್ನೆ. ಆದ್ರೆ ನಿನ್ನೆ ಸಿನಿಮಾ ಮುಗಿಯೋವರೆಗೂ ಅಪ್ಪ "ಏನಂದ ಅವ್ನು?" ಅಂತ ಒಂದ್ಸಲಾನೂ ಕೇಳ್ಲಿಲ್ಲ. ಇದನ್ನ ಯಾವ ಕಾಲಮ್ಮಲ್ಲಿ ಬರೀಲಿ, ನೀವೇ ಹೇಳಿ.