ಸಿಗ್ನಲ್ ಕಡ್ಡಿ ಫುಲ್ ಇದ್ದರೂ ಕರೆ ಹೋಗುವುದಿಲ್ಲ, ಯಾಕೆ?

ಮಳೆಗಾಲದಲ್ಲಿ ಕೊಡಗಿನ ಕಡೆಗೆ ಫೋನ್ ಮಾಡಿದವರು ಹೇಳುವ ಮಾತು ಇದು: "ಅವರ ಊರಲ್ಲಿ ಟವರ್ ಇದೆಯಂತೆ, ನಮ್ಮಲ್ಲೂ ಕಡ್ಡಿ ಫುಲ್ ಇದೆ, ಆದರೂ ಕರೆ ಹೋಗುತ್ತಿಲ್ಲ. ಏನೋ ಅನಾಹುತ ಆಗಿರಬೇಕು." ಈ ಊಹೆಯೇ ಸ್ವಲ್ಪ ಹೊತ್ತಿನಲ್ಲಿ ಫಾರ್ವರ್ಡ್ ಆಗಿ ಊರೆಲ್ಲ ಸುತ್ತುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಸುತ್ತಮುತ್ತ ಗುಡ್ಡ ಕುಸಿದಾಗ ರಸ್ತೆ, ಕರೆಂಟು, ದೂರವಾಣಿ ಮೂರೂ ಹಲವೆಡೆ ಕಡಿದುಹೋಗಿದ್ದವು. ಅಂಥ ಹೊತ್ತಿನಲ್ಲಿ ಪರದೆಯ ಮೇಲಿನ ಆ ನಾಲ್ಕು ಕಡ್ಡಿಗಳನ್ನು ಸರಿಯಾಗಿ ಓದಲು ತಿಳಿದಿರಬೇಕು.

ಕಡ್ಡಿ ಹೇಳುವುದೇನು?

ಹತ್ತಿರದ ಟವರ್‌ನ ತರಂಗ ನಿಮ್ಮ ಫೋನಿಗೆ ಎಷ್ಟು ಬಲವಾಗಿ ಮುಟ್ಟುತ್ತಿದೆ ಎಂಬುದನ್ನು ಮುಖ್ಯವಾಗಿ ಕಡ್ಡಿ ತೋರಿಸುತ್ತದೆ. ಇದರ ಅಳತೆ ಡಿಬಿಎಂ. 4ಜಿಯಲ್ಲಿ ಮೈನಸ್ 80 ಎಂದರೆ ಒಳ್ಳೆಯ ಸಿಗ್ನಲ್, ಮೈನಸ್ 110 ಎಂದರೆ ದುರ್ಬಲ. ಇವೆರಡರ ನಡುವೆ ಶಕ್ತಿಯಲ್ಲಿ 1000 ಪಟ್ಟು ವ್ಯತ್ಯಾಸವಿದೆ. ಇಷ್ಟು ದೊಡ್ಡ ಅಂತರವನ್ನು ನಾಲ್ಕೈದು ಕಡ್ಡಿಗಳಲ್ಲಿ ತುಂಬಿಸಬೇಕು. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಎಂಬುದಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ಒಂದೇ ನಿಯಮವಿಲ್ಲ. 2010ರಲ್ಲಿ ಐಫೋನ್ 4 ಬಂದಾಗ, ತಮ್ಮ ಲೆಕ್ಕದ ಸೂತ್ರವೇ ತಪ್ಪಿತ್ತು, ಹಲವು ಸಲ ಎರಡು ಕಡ್ಡಿ ಹೆಚ್ಚು ತೋರಿಸುತ್ತಿತ್ತು ಎಂದು ಆಪಲ್ ಕಂಪನಿಯೇ ಒಪ್ಪಿಕೊಂಡು ಸಾಫ್ಟ್‌ವೇರ್ ತಿದ್ದಿತು. ಆ ತಿದ್ದುಪಡಿಯಿಂದ ಗಾಳಿಯಲ್ಲಿದ್ದ ಸಿಗ್ನಲ್ ಬದಲಾಗಲಿಲ್ಲ, ಚಿತ್ರ ಮಾತ್ರ ಬದಲಾಯಿತು.

ರೇಡಿಯೊ ಹವ್ಯಾಸಿಗಳ ಪರದೆ ನೋಡಿ

ಕಂಪ್ಯೂಟರಿಗೆ ಪುಟ್ಟ ರಿಸೀವರ್ ಸಿಕ್ಕಿಸಿ, ಉಳಿದ ಕೆಲಸವನ್ನು ಪ್ರೋಗ್ರಾಂ ಕೈಗೆ ಕೊಟ್ಟರೆ ಅದು ಸಾಫ್ಟ್‌ವೇರ್ ರೇಡಿಯೊ. ನಮ್ಮ ಫೋನಿನೊಳಗೂ ಬಹುಪಾಲು ಕೆಲಸ ಹೀಗೆ ಡಿಜಿಟಲ್ ಲೆಕ್ಕದಲ್ಲೇ ನಡೆಯುತ್ತದೆ. ಆದರೆ ಹವ್ಯಾಸಿಗಳ ಪರದೆಯಲ್ಲಿ ಒಂದೊಂದು ಪ್ರಶ್ನೆಗೂ ಒಂದೊಂದು ಗುರುತು ಇರುತ್ತದೆ. ಸಿಗ್ನಲ್ ಬಲಕ್ಕೆ ಮೀಟರ್. ಸುತ್ತಲಿನ ಗದ್ದಲ ಕಾಣಲು ಮೇಲಿನಿಂದ ಕೆಳಗೆ ಹರಿಯುವ ಬಣ್ಣದ ಪಟ್ಟಿ. ಸಿಗ್ನಲ್ ಅತಿಯಾಗಿ ರಿಸೀವರ್ ತಡೆದುಕೊಳ್ಳದಿದ್ದರೆ ಕೆಂಪು ಎಚ್ಚರಿಕೆ. ಆಗ ಮೀಟರ್ ಪೂರ್ತಿ ಏರಿದ್ದರೂ ಧ್ವನಿ ಕೆಟ್ಟಿರುತ್ತದೆ. ಎಫ್‌ಎಂ ಕೇಳುವಾಗ ಸ್ಟೀರಿಯೊ ಗುರುತು ಹೊತ್ತಿಕೊಳ್ಳುವುದು ಪ್ರಸಾರದೊಳಗಿನ 19 ಕಿಲೋಹರ್ಟ್ಸ್‌ನ ಸಣ್ಣ ಸ್ವರ ಸಿಕ್ಕಾಗ ಮಾತ್ರ.

ಫೋನಿನ ಕಡ್ಡಿ ಹೀಗೆ ಬಿಡಿಸಿ ಹೇಳುವುದಿಲ್ಲ. ಟವರ್‌ನಿಂದಾಚೆಗಿನ ದಾರಿ ತೆರೆದಿದೆಯೇ, ಅಲ್ಲಿ ಎಷ್ಟು ಜನರ ನೂಕುನುಗ್ಗಲು ಇದೆ ಎಂಬುದು ಅದರಿಂದ ತಿಳಿಯದು.

ಮಳೆಗೆ ಸಿಗ್ನಲ್ ಹೋಗುತ್ತದೆಯೇ?

ಅರ್ಧ ನಿಜ. ಫೋನ್ ಮತ್ತು ಟವರ್ ನಡುವಿನ ತರಂಗಗಳಿಗೆ ಮಳೆಹನಿಯಿಂದ ಅಂಥ ತೊಂದರೆಯಿಲ್ಲ. ಅವಕ್ಕೆ ಕೊಡಗಿನ ಗುಡ್ಡಗಳೇ ದೊಡ್ಡ ಅಡ್ಡಿ. ಆದರೆ 10 ಗಿಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳನ್ನು ಜೋರು ಮಳೆ ಕುಗ್ಗಿಸುತ್ತದೆ. ಮಳೆ ಬಂದಾಗ ಮನೆಯ ಡಿಶ್ ಟೀವಿ ನಿಲ್ಲುವುದು ಇದೇ ಕಾರಣಕ್ಕೆ. ಒಂದು ಟವರ್‌ನಿಂದ ಇನ್ನೊಂದಕ್ಕೆ ಮಾತು ಸಾಗಿಸುವ ಮೈಕ್ರೋವೇವ್ ಕೊಂಡಿಗಳಲ್ಲಿ ಹಲವು ಇಂಥ ತರಂಗಗಳನ್ನೇ ಬಳಸುತ್ತವೆ. ಆ ಕೊಂಡಿ ಸೊರಗಿದರೆ, ಅಥವಾ ಕುಸಿತದಲ್ಲಿ ಫೈಬರ್ ಕೇಬಲ್ ತುಂಡಾದರೆ, ಬ್ಯಾಟರಿ ಇರುವವರೆಗೆ ಟವರ್ ತರಂಗ ಬಿಡುತ್ತಲೇ ಇರಬಹುದು. ಕಡ್ಡಿ ಫುಲ್, ಕರೆ ಶೂನ್ಯ.

ಹಾಗಾಗಿ ಕರೆ ಸಿಗಲಿಲ್ಲ ಎಂಬುದು ಅನಾಹುತಕ್ಕೆ ಸಾಕ್ಷಿಯಲ್ಲ. ಕಡ್ಡಿ ಇದೆ ಎಂಬುದು ಎಲ್ಲ ಸರಿಯಿದೆ ಎಂಬುದಕ್ಕೂ ಸಾಕ್ಷಿಯಲ್ಲ.

"ಟವರ್ ಇಲ್ಲದಿದ್ದರೂ 112 ಹೋಗುತ್ತದೆ", ಇದು ತಪ್ಪು

ತುರ್ತು ಕರೆಗೆ ನಿಮ್ಮ ಕಂಪನಿಯ ಟವರೇ ಬೇಕೆಂದಿಲ್ಲ, ಬೇರೆ ಕಂಪನಿಯದ್ದಾದರೂ ಆಗುತ್ತದೆ. ಆದರೆ ಯಾವುದಾದರೂ ಒಂದು ಟವರ್ ಬೇಕೇ ಬೇಕು. ಪರದೆಯಲ್ಲಿ "ತುರ್ತು ಕರೆಗಳು ಮಾತ್ರ" ಎಂದಿದ್ದರೆ ಸಾಮಾನ್ಯವಾಗಿ ಅಂಥ ಟವರ್ ಸಿಕ್ಕಿದೆ ಎಂದರ್ಥ, 112 ಒತ್ತಿ ನೋಡಿ. "ಸೇವೆ ಇಲ್ಲ" ಎಂದಿದ್ದರೆ ಸ್ವಲ್ಪ ಎತ್ತರದ, ಬಯಲಾದ, ಆದರೆ ಕುಸಿಯುವ ಭಯವಿಲ್ಲದ ಜಾಗಕ್ಕೆ ಹೋಗಿ ಪ್ರಯತ್ನಿಸಬೇಕು.

ಮಳೆಗಾಲಕ್ಕೆ ಮುಂಚೆ ಮಾಡಬಹುದಾದದ್ದು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ವಿಭಾಗ ತೆರೆದು ಸಿಮ್ ಸ್ಟೇಟಸ್ ನೋಡಿದರೆ ಹಲವು ಫೋನುಗಳಲ್ಲಿ ಡಿಬಿಎಂ ಸಂಖ್ಯೆ ಸಿಗುತ್ತದೆ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಚೆನ್ನಾಗಿದೆ ಎಂದು ಈಗಲೇ ಗುರುತಿಸಿಕೊಳ್ಳಿ. ಸಂಖ್ಯೆ ಸೊನ್ನೆಯ ಕಡೆಗೆ ಬಂದಷ್ಟೂ ಒಳ್ಳೆಯದು.

ಸಿಗ್ನಲ್ ದುರ್ಬಲವಾದಷ್ಟೂ ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿ ಸುರಿಯುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಪದೇ ಪದೇ ಕರೆ ಮಾಡುವ ಬದಲು "ನಾವು ಕ್ಷೇಮ" ಎಂದು ಒಂದು ಎಸ್‌ಎಂಎಸ್ ಕಳಿಸಿ. ಅದಕ್ಕೆ ಬಹಳ ಕಡಿಮೆ ಜಾಗ ಸಾಕು, ದಾರಿ ತೆರೆದಾಗ ತಾನೇ ತಲುಪುತ್ತದೆ.

ಫೋನಿನೊಳಗೆ ಎಫ್‌ಎಂ ರೇಡಿಯೊ ಇದೆಯೇ ನೋಡಿ. ವಿಪತ್ತಿನ ಹೊತ್ತಿಗೆ ಬೇಕಾಗುತ್ತದೆ, ಈ ಸೌಲಭ್ಯ ತೆಗೆಯಬೇಡಿ ಎಂದು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಫೋನ್ ತಯಾರಕರಿಗೆ ಸೂಚಿಸಿತ್ತು. ಆ್ಯಪ್‌ನಲ್ಲಿ ಕೇಳುವ ರೇಡಿಯೊಗೆ ಇಂಟರ್ನೆಟ್ ಬೇಕು. ಫೋನಿನ ಎಫ್‌ಎಂಗೆ ಸಾಮಾನ್ಯವಾಗಿ ವಯರ್ ಇರುವ ಇಯರ್‌ಫೋನ್ ಸಾಕು, ಆ ವಯರೇ ಅದರ ಆ್ಯಂಟೆನಾ. ಮಡಿಕೇರಿ ಆಕಾಶವಾಣಿ 103.1 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ.

ಮುಂದಿನ ಸಲ ಕೊಡಗಿನ ನೆಂಟರಿಗೆ ಕರೆ ಹೋಗದಿದ್ದರೆ, ಗುಂಪಿಗೆ ಸುದ್ದಿ ಹಾಕುವ ಮುಂಚೆ ಒಂದು ಎಸ್‌ಎಂಎಸ್ ಹಾಕಿ ಕಾಯೋಣ.