ನಮ್ಮ ಹೂಕುಂಡ: ಕರಂಡೆಯ ಆಫ್ರಿಕದ ಅಕ್ಕ

ಬೇಸಗೆ ಬಂತೆಂದರೆ ಮುಂಬಯಿ, ಪುಣೆಗಳ ಬೀದಿಬದಿಯಲ್ಲಿ ಎಲೆಯ ದೊನ್ನೆಗಳಲ್ಲಿ ಕರವಂದ ಕಾಣಿಸಿಕೊಳ್ಳುತ್ತದೆ. ನಮ್ಮ ಕರಾವಳಿಯವರಿಗೆ ಅದೇ ಕರಂಡೆ, ಮಲೆನಾಡಿನವರಿಗೆ ಕವಳಿ. ಅದರ ಅಕ್ಕನೊಬ್ಬಳು ದಕ್ಷಿಣ ಆಫ್ರಿಕದ ನೇಟಾಲ್ ಕಡಲತೀರದ ಮರಳುದಿಬ್ಬಗಳಲ್ಲಿ ತಾನಾಗಿ ಬೆಳೆಯುವುದುಂಟು. ಜುಲು ಜನ ಅಮತುಂಗುಲು ಎನ್ನುತ್ತಾರೆ. ಸಸಿ ಮಾರುವವರಲ್ಲಿ ನೇಟಾಲ್ ಪ್ಲಮ್ ಎಂದು ಕೇಳಬೇಕು.

ನಮ್ಮ ಗ್ಯಾಲರಿಯಲ್ಲಿ ಇದರ ಎರಡು ಕುಂಡಗಳಿವೆ. ಹೊಳೆಯುವ ದಪ್ಪ ಎಲೆ, ಮಲ್ಲಿಗೆಯನ್ನು ನೆನಪಿಸುವ ಐದೆಸಳಿನ ಬಿಳಿ ಹೂ. ಮುಳ್ಳು ಮಾತ್ರ ಕವಲೊಡೆದದ್ದು, ಬಲು ಚೂಪು. ಮಕ್ಕಳು ಓಡಾಡುವ ಬಾಗಿಲ ಬಳಿ ಇಡತಕ್ಕುದಲ್ಲ. ಉಪ್ಪುಗಾಳಿಗೆ ಹೆದರದ ಗಿಡವಾದ್ದರಿಂದ ಮುಂಬಯಿ, ಚೆನ್ನೈಗಳ ಕಡಲಬದಿಯ ಮನೆಗಳಿಗೆ ಹೇಳಿಮಾಡಿಸಿದಂತಿದೆ. ದೆಹಲಿಯ ಬಂಧುಗಳು ಎಳೆಯ ಗಿಡವನ್ನು ಕಡುಚಳಿಯ ರಾತ್ರಿಗಳಲ್ಲಿ ಒಳಗಿಡಬೇಕು. ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಬೀಜ ಎರಡು ವಾರಗಳಲ್ಲಿ ಮೊಳೆತರೂ ಸಸಿ ಬಹಳ ನಿಧಾನ. ಕೊಂಬೆಯಿಂದ ಬೆಳೆಸುವುದೇ ಲೇಸು. ಎಳೆಯ ಕೊಂಬೆಯನ್ನು ಅರ್ಧದವರೆಗೆ ಮಾತ್ರ ಕೊಯ್ದು, ಕೆಳಕ್ಕೆ ಬಗ್ಗಿಸಿ ಗಿಡದಲ್ಲೇ ಬಿಡಿರಿ. ಎರಡು ತಿಂಗಳ ಮೇಲೆ ಕತ್ತರಿಸಿ ಒದ್ದೆ ಮರಳಿನಲ್ಲಿ ನೆಟ್ಟರೆ 30 ದಿನಗಳೊಳಗೆ ಬೇರು ಬಿಡುತ್ತದೆ.

ಎರಡು ವರ್ಷ ನಮಗೆ ಹೂವೇ ಹೂವು, ಕಾಯಿ ಒಂದೂ ಇಲ್ಲ! ತವರಿನಲ್ಲಿ ರಾತ್ರಿ ಹಾರುವ ಪತಂಗಗಳು ಇದರ ಪರಾಗವನ್ನು ಹೂವಿಂದ ಹೂವಿಗೆ ಒಯ್ಯುತ್ತವೆ. ನಮ್ಮ ಮೂರನೆಯ ಮಹಡಿಗೆ ಅವು ಬರಬೇಕಲ್ಲ! ಕೊನೆಗೆ ಮಗಳ ಚಿತ್ರ ಬರೆಯುವ ಕುಂಚ ಹಿಡಿದು, ಒಂದು ಗಿಡದ ಹೂವಿನಿಂದ ಇನ್ನೊಂದರ ಹೂವಿಗೆ ನಾವೇ ಪರಾಗ ಸವರಿದೆವು. ಏಳು ಕಾಯಿ ಕಚ್ಚಿದವು.

ಆಗಲೇ ಒಂದು ಗಾಬರಿ. ಊರಲ್ಲಿ ಎಳೆಯ ಕರಂಡೆಯನ್ನು ಉಪ್ಪಿನಕಾಯಿ ಹಾಕಿ ರೂಢಿಯಿದ್ದ ನಮ್ಮ ಅತ್ತೆಯವರು ಬಟ್ಟಲು ಹಿಡಿದು ಗಿಡದ ಮುಂದೆ ನಿಂತಿದ್ದರು. "ಅತ್ತೇ, ಬೇಡ!" ಎಂದು ಕೂಗಿಬಿಟ್ಟೆವು. ಈ ಅಕ್ಕ ತಂಗಿಯಂತಲ್ಲ. ಕಣಗಿಲೆಯ ಕುಲ, ಎಲೆ, ಕೊಂಬೆ, ಬೇರು ಯಾವುದೂ ಬಾಯಿಗೆ ಹೋಗಬಾರದು. ಹಸುರು ಕಾಯಿಯೂ ಬೇಡ. ಪೂರ್ತಿ ಕೆಂಪಾಗಿ, ಮುಟ್ಟಿದರೆ ಮೆದುವಾದ ಹಣ್ಣು ಮಾತ್ರ ತಿನ್ನತಕ್ಕುದು. ಅತ್ತೆಯವರು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ.

ಹಣ್ಣನ್ನು ಸಿಪ್ಪೆ, ಬೀಜ ಸಮೇತ ತಿನ್ನಬಹುದು. ಒಳಗೆ ಬಿಳಿಯ ಹಾಲಿನ ಹನಿ ಕಂಡರೆ ಅಂಜಬೇಡಿ, ಮಾಗಿದ ಹಣ್ಣಿನದು ನಿರಪಾಯ. ಸಕ್ಕರೆ ಹಾಕಿ ಮುರಬ್ಬ ಮಾಡಿದರೆ ಪಾತ್ರೆಯ ಅಂಚಿಗೆ ಅಂಟು ಕೂರುತ್ತದೆ. ಎಣ್ಣೆ ಸವರಿ ಉಜ್ಜಿದರೆ ಹೋಗುತ್ತದೆ. ಇದನ್ನು ಕಂಡುಹಿಡಿದವರು ಅತ್ತೆಯವರೇ.